ಕೆಲಸದ ಸ್ಥಳದಲ್ಲಿ ಮಾನವ ವರ್ತನೆ

ಕಾರ್ಖಾನೆ, ಕಚೇರಿ, ಗಣಿ, ಆಸ್ಪತ್ರೆ, ವಿಮಾನದ ಕಾಕ್‌ಪಿಟ್ ಹೀಗೆ ನಾಲ್ಕು ಜನ ಸೇರಿ ದುಡಿಯುವ ಜಾಗಗಳಲ್ಲಿ ಮನುಷ್ಯರು ಹೇಗೆ ನಡೆದುಕೊಳ್ಳುತ್ತಾರೆ, ಯಾಕೆ ಹಾಗೆ ನಡೆದುಕೊಳ್ಳುತ್ತಾರೆ ಎಂಬುದರ ಅಧ್ಯಯನ. ಕಾಲೇಜುಗಳಲ್ಲಿ ಇದನ್ನು ಕೈಗಾರಿಕಾ ಮನೋವಿಜ್ಞಾನ, ಸಾಂಸ್ಥಿಕ ವರ್ತನೆ ಎಂಬ ಹೆಸರುಗಳಲ್ಲಿ ಕಲಿಸುತ್ತಾರೆ. ಕಂಪನಿಗಳಲ್ಲಿ ಇದು ಎಚ್.ಆರ್. ವಿಭಾಗದ ಪಾಲಿಗೆ ಬಂದಿದೆ. ಈ ಅಧ್ಯಯನಕ್ಕೆ ನೂರು ವರ್ಷ ತುಂಬಿ ಹೋಗಿದೆ. ಅಷ್ಟು ಕಾಲದಿಂದಲೂ ಇದರೊಳಗೆ ಎರಡು ಪ್ರಶ್ನೆಗಳು ಜಗ್ಗಾಡುತ್ತಿವೆ. ಕೆಲಸಗಾರನಿಂದ ಇನ್ನಷ್ಟು ಕೆಲಸ ತೆಗೆಯುವುದು ಹೇಗೆ ಎಂಬುದು ಒಂದು. ಕೆಲಸಗಾರ ಹೇಳುತ್ತಿರುವುದೇನು ಎಂಬುದು ಇನ್ನೊಂದು. ಶಾಸ್ತ್ರ ಹುಟ್ಟಿದ್ದು ಮೊದಲನೆಯ ಪ್ರಶ್ನೆಯಿಂದ. ಅದು ಜನರಿಗೂ ಸಂಸ್ಥೆಗೂ ನಿಜವಾಗಿ ಉಪಕಾರಕ್ಕೆ ಬಂದದ್ದು ಎರಡನೆಯ ಪ್ರಶ್ನೆ ಕೇಳಿದಾಗ.

ಆರಂಭ

ದೈಹಿಕ ದುಡಿಮೆಯನ್ನು ಅಳೆಯುವ ಕೆಲಸಕ್ಕೆ ಶಾಸ್ತ್ರದ ರೂಪ ಕೊಟ್ಟವರು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ವಿನ್ಸ್ಲೋ ಟೇಲರ್ (1856–1915). ಬೆತ್ಲೆಹೆಮ್ ಉಕ್ಕಿನ ಕಂಪನಿಯಲ್ಲಿ ಕಬ್ಬಿಣದ ಗಟ್ಟಿಗಳನ್ನು ರೈಲಿನ ವ್ಯಾಗನ್‌ಗೆ ಹೇರುವ ಆಳು ದಿನಕ್ಕೆ ಹನ್ನೆರಡೂವರೆ ಟನ್ ಹೇರುತ್ತಿದ್ದ. ಯಾವಾಗ ಎತ್ತಬೇಕು, ಯಾವಾಗ ಕೂರಬೇಕು ಎಂದು ಮೇಲ್ವಿಚಾರಕ ಹೇಳಿದಂತೆ ಕೇಳಿದ ಆಳು 47 ಟನ್ ಹೇರಿದನೆಂದು ಟೇಲರ್ ಬರೆದರು. ಅವನ ಕೂಲಿ 1.15 ಡಾಲರ್‌ನಿಂದ 1.85 ಡಾಲರ್‌ಗೆ ಏರಿತು. ಕೆಲಸ ನಾಲ್ಕು ಪಟ್ಟಿನ ಹತ್ತಿರ ಏರಿದರೆ ಕೂಲಿ ಏರಿದ್ದು ಶೇ. 60ರಷ್ಟು, ಈ ಲೆಕ್ಕದಲ್ಲಿಯೇ ಮುಂದಿನ ಜಗಳವೆಲ್ಲ ಅಡಗಿತ್ತು. 1911ರಲ್ಲಿ ಅವರ ‘ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳು’ ಪುಸ್ತಕ ಹೊರಬಂದಿತು. ಅದೇ ವರ್ಷ ವಾಟರ್‌ಟೌನ್‌ನ ಸರ್ಕಾರಿ ಶಸ್ತ್ರಾಗಾರದಲ್ಲಿ ಎರಕ ಹೊಯ್ಯುವ ಕೆಲಸಗಾರರು ಟೇಲರ್ ಪದ್ಧತಿಯಂತೆ ತಮ್ಮ ಬೆನ್ನ ಹಿಂದೆ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದನ್ನು ವಿರೋಧಿಸಿ ಕೆಲಸ ಬಿಟ್ಟು ಹೊರನಡೆದರು. ಅಮೆರಿಕದ ಸಂಸತ್ತು ವಿಚಾರಣೆ ನಡೆಸಿ, 1915ರಲ್ಲಿ ಸರ್ಕಾರಿ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚ್ ಬಳಕೆಯನ್ನು ತಡೆಯಿತು.

ಹಾರ್ವರ್ಡ್‌ನಲ್ಲಿದ್ದ ಜರ್ಮನ್ ಮನೋವಿಜ್ಞಾನಿ ಹ್ಯೂಗೋ ಮ್ಯೂನ್‌ಸ್ಟರ್‌ಬರ್ಗ್ ಟ್ರಾಮ್ ಚಾಲಕರ ಗಮನಶಕ್ತಿಯನ್ನು ಪರೀಕ್ಷಿಸಿ, ಅಪಘಾತ ಮಾಡುವ ಸಾಧ್ಯತೆ ಹೆಚ್ಚಿರುವವರನ್ನು ಮೊದಲೇ ಗುರುತಿಸಲು ಹೊರಟರು. ಅವರ ಬಳಿ ಕಲಿತ ಎನ್.ಎನ್. ಸೇನ್‌ಗುಪ್ತ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಭಾರತದ ಮೊದಲ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಈ ವಿಷಯದ ಬೋಧನೆ ಆರಂಭಿಸಿದವರು ಎಂ.ವಿ. ಗೋಪಾಲಸ್ವಾಮಿ. ಟೇಲರ್ ದಾರಿಯನ್ನು ಒಳಗಿನಿಂದಲೇ ತಿದ್ದಿದವರಲ್ಲಿ ಲಿಲಿಯನ್ ಗಿಲ್‌ಬ್ರೆತ್ (1878–1972) ಮುಖ್ಯರು. ಆಯಾಸ, ಬೇಸರ, ಕೆಲಸದಲ್ಲಿನ ತೃಪ್ತಿ ಕೂಡ ಲೆಕ್ಕಕ್ಕೆ ಬರಬೇಕೆಂದು ವಾದಿಸಿದ ಅವರ 1914ರ ಗ್ರಂಥವನ್ನು ಪ್ರಕಾಶಕರು ಎಲ್.ಎಂ. ಗಿಲ್‌ಬ್ರೆತ್ ಎಂಬ ಹೆಸರಿನಲ್ಲಿ ಅಚ್ಚು ಹಾಕಿದರು. ಬರೆದವರು ಹೆಂಗಸು ಎಂದು ಓದುಗರಿಗೆ ತಿಳಿಯದಿರಲಿ ಎಂಬುದು ಅವರ ಉದ್ದೇಶವಾಗಿತ್ತು.

ಹಾಥಾರ್ನ್ ಪ್ರಯೋಗಗಳು

ಶಿಕಾಗೋ ಪಕ್ಕದ ಸಿಸೆರೋದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಟೆಲಿಫೋನ್ ಉಪಕರಣಗಳನ್ನು ತಯಾರಿಸುತ್ತಿತ್ತು. ಬೆಳಕು ಹೆಚ್ಚಿಸಿದರೆ ಉತ್ಪಾದನೆ ಹೆಚ್ಚುತ್ತದೆಯೇ ಎಂದು ನೋಡಲು 1924ರಲ್ಲಿ ಅಲ್ಲಿ ಪ್ರಯೋಗ ಶುರುವಾಯಿತು. ಸ್ಪಷ್ಟ ಉತ್ತರ ಸಿಗಲಿಲ್ಲ. 1927ರಲ್ಲಿ ರಿಲೇ ಜೋಡಿಸುವ ಐವರು ಹೆಣ್ಣುಮಕ್ಕಳನ್ನೂ ಅವರಿಗೆ ಬಿಡಿಭಾಗ ಒದಗಿಸುವ ಇನ್ನೊಬ್ಬಳನ್ನೂ ಬೇರೊಂದು ಕೋಣೆಯಲ್ಲಿ ಕೂರಿಸಿ, ವಿಶ್ರಾಂತಿಯ ಬಿಡುವು, ತಿಂಡಿ, ಬೇಗ ಮನೆಗೆ ಹೋಗುವ ಅವಕಾಶ ಇವನ್ನು ಒಂದೊಂದಾಗಿ ಕೊಡುತ್ತಾ ಬಂದರು. ಉತ್ಪಾದನೆ ಏರುತ್ತಾ ಹೋಯಿತು. ಸೌಲಭ್ಯಗಳನ್ನೆಲ್ಲ ಹಿಂದಕ್ಕೆ ಪಡೆದಾಗಲೂ ಅದು ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ಹಾರ್ವರ್ಡ್‌ನ ಎಲ್ಟನ್ ಮೇಯೋ ಮತ್ತು ಸಂಗಡಿಗರು ಇದಕ್ಕೆ ಕೊಟ್ಟ ವಿವರಣೆ ಜಗತ್ತಿನಾದ್ಯಂತ ಹರಡಿತು: ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ, ತಮ್ಮ ಮಾತಿಗೆ ಬೆಲೆಯಿದೆ ಎಂಬ ಭಾವನೆಯೇ ಕೆಲಸವನ್ನು ಮೇಲೆತ್ತಿತು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ಆದರೆ ಹೆಚ್ಚು ಮಾತಾಡುತ್ತಾರೆ, ಹೇಳಿದ್ದು ಕೇಳುವುದಿಲ್ಲ ಎಂಬ ಕಾರಣಕ್ಕೆ ಆ ಹೆಣ್ಣುಮಕ್ಕಳಲ್ಲಿ ಇಬ್ಬರನ್ನು 1928ರಲ್ಲಿ ತೆಗೆದು ಬೇರೆಯವರನ್ನು ಹಾಕಿದ್ದರು. ಕೂಲಿ ಲೆಕ್ಕ ಹಾಕುವ ಕ್ರಮವನ್ನೂ ಆ ಕೋಣೆಗೆ ಬೇರೆ ಮಾಡಿದ್ದರು. ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಬೆಳಕಿನ ಪ್ರಯೋಗದ ಮೂಲ ಅಂಕಿಗಳನ್ನು ಹುಡುಕಿ ತೆಗೆದು 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ದಶಕಗಳಿಂದ ಹೇಳಿಕೊಂಡು ಬಂದಷ್ಟು ದೊಡ್ಡ ಪರಿಣಾಮ ಅಲ್ಲಿ ಕಾಣಲಿಲ್ಲ. ಯಾರೋ ಗಮನಿಸುತ್ತಿದ್ದಾರೆ ಎಂಬುದರಿಂದಲೇ ಕೆಲಸ ಹೆಚ್ಚುತ್ತದೆ ಎಂಬರ್ಥದ ‘ಹಾಥಾರ್ನ್ ಪರಿಣಾಮ’ ಎಂಬ ಮಾತನ್ನು ಎಚ್ಚರಿಕೆಯಿಂದ ಬಳಸಬೇಕು.

ಹಾಥಾರ್ನ್‌ನ ನಿಜವಾದ ಸಂಪತ್ತು ಬೇರೆ ಕಡೆ ಇದೆ. 1928ರಿಂದ ಮುಂದಕ್ಕೆ ಅಲ್ಲಿ 20,000ಕ್ಕೂ ಹೆಚ್ಚು ಕೆಲಸಗಾರರನ್ನು ಮಾತಾಡಿಸಲಾಯಿತು. ಬರೆದುಕೊಂಡು ಹೋದ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕಿಂತ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳುವುದಕ್ಕೇ ಜನ ಕಾತರರಾಗಿದ್ದರು. ಆಗ ಪ್ರಶ್ನಾವಳಿಯನ್ನು ಬದಿಗಿಟ್ಟು, ಸುಮ್ಮನೆ ಕೇಳಿಸಿಕೊಳ್ಳುವ ಪದ್ಧತಿ ಬಂದಿತು. ಮುಂದೆ 1931–32ರಲ್ಲಿ ತಂತಿ ಜೋಡಿಸುವ 14 ಗಂಡಸರ ಕೋಣೆಯನ್ನು ಹೊರಗಿನಿಂದ ಏನನ್ನೂ ಬದಲಿಸದೆ ಗಮನಿಸಿದಾಗ, ದಿನಕ್ಕೆ ಇಷ್ಟೇ ಕೆಲಸ ಎಂದು ಅವರೇ ಒಳಗೊಳಗೆ ಗೊತ್ತುಮಾಡಿಕೊಂಡಿದ್ದು ತಿಳಿದುಬಂತು. ಅದಕ್ಕಿಂತ ಹೆಚ್ಚು ಮಾಡಿದವನ ತೋಳಿಗೆ ಗೆಳೆಯರ ಗುದ್ದು ಬೀಳುತ್ತಿತ್ತು. ಸಹೋದ್ಯೋಗಿಯ ಮೇಲೆ ಚಾಡಿ ಹೇಳಿದವನನ್ನು ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ಹೆಚ್ಚು ಕೆಲಸ ಮಾಡಿ ತೋರಿಸಿದರೆ ಕಂಪನಿ ದರವನ್ನು ಇಳಿಸುತ್ತದೆ, ಕೆಲವರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬ ಭಯ ಅವರಲ್ಲಿತ್ತು. ಹೊರಗಿನ ಕಣ್ಣಿಗೆ ಸೋಮಾರಿತನವಾಗಿ ಕಂಡದ್ದು ಅವರ ಮಟ್ಟಿಗೆ ಒಬ್ಬರನ್ನೊಬ್ಬರು ಕಾಯುವ ಕಟ್ಟುಪಾಡಾಗಿತ್ತು.

ಅಹಮದಾಬಾದಿನ ಮಗ್ಗಗಳು

ಲಂಡನ್‌ನ ಟ್ಯಾವಿಸ್ಟಾಕ್ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ 1951ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಬಗ್ಗೆ ಬರೆದ ಲೇಖನ ಈ ಕ್ಷೇತ್ರದ ತಿರುವು. ಬ್ಯಾಮ್‌ಫೋರ್ತ್ ಸ್ವತಃ ಗಣಿಯಲ್ಲಿ ದುಡಿದು ಬಂದವರು. ಹೊಸ ಯಂತ್ರ ಬಂದಾಗ ಚಿಕ್ಕ ಚಿಕ್ಕ ತಂಡಗಳನ್ನು ಒಡೆದು, ಒಬ್ಬೊಬ್ಬನಿಗೆ ಒಂದೊಂದು ತುಂಡು ಕೆಲಸ ಹಂಚಿದ್ದರಿಂದಲೇ ಗೈರುಹಾಜರಿಯೂ ಜಗಳವೂ ಹೆಚ್ಚಿದವೆಂದು ಅವರು ತೋರಿಸಿದರು. ಯಂತ್ರ ಮತ್ತು ಜನಸಂಬಂಧ ಎರಡನ್ನೂ ಒಟ್ಟಿಗೇ ನೋಡಬೇಕು ಎಂಬ ಈ ವಿಚಾರಕ್ಕೆ ದೊಡ್ಡ ಪರೀಕ್ಷೆ ನಡೆದದ್ದು ಭಾರತದಲ್ಲಿ.

ಅಹಮದಾಬಾದಿನ ಕ್ಯಾಲಿಕೋ ಮಿಲ್ಸ್ ಸ್ವಯಂಚಾಲಿತ ಮಗ್ಗಗಳನ್ನು ತಂದಿತ್ತು. ಮಗ್ಗ ಹೊಸದಾದರೂ ಬಟ್ಟೆಯ ಗುಣವಾಗಲಿ ಪ್ರಮಾಣವಾಗಲಿ ನಿರೀಕ್ಷೆಯಷ್ಟು ಏರಲಿಲ್ಲ. ಮಿಲ್ಲಿನ ಮುಖ್ಯಸ್ಥ ಗೌತಮ್ ಸಾರಾಭಾಯಿ ಅವರ ಕರೆಯ ಮೇಲೆ ಬಂದ ಟ್ಯಾವಿಸ್ಟಾಕ್‌ನ ಎ.ಕೆ. ರೈಸ್ 1953ರಲ್ಲಿ ಅಲ್ಲಿನ ಒಂದು ಷೆಡ್ಡನ್ನು ಗಮನಿಸಿದರು. 224 ಮಗ್ಗ, 29 ಕೆಲಸಗಾರರು, 12 ಬಗೆಯ ಕೆಲಸ: ನೇಯುವವನು, ಬಾಬಿನ್ ತುಂಬುವವನು, ಕಿತ್ತುಹೋದ ಎಳೆಗಳನ್ನು ಕಟ್ಟುವವನು, ಮಗ್ಗ ಸರಿಪಡಿಸುವ ಜಾಬರ್, ಎಣ್ಣೆ ಹಾಕುವವನು, ಕಸ ಗುಡಿಸುವವನು, ಹೀಗೆ. ನೇಯುವವನ ಪಾಲಿಗೆ 24 ಅಥವಾ 32 ಮಗ್ಗಗಳಿದ್ದರೆ ಬಾಬಿನ್ ತುಂಬುವವನ ಪಾಲಿಗೆ 40ರಿಂದ 50, ಎಳೆ ಕಟ್ಟುವವನಿಗೆ ಅದಕ್ಕೂ ಹೆಚ್ಚು. ಯಾರ ಗಡಿಯೂ ಇನ್ನೊಬ್ಬರ ಗಡಿಗೆ ಹೊಂದುತ್ತಿರಲಿಲ್ಲ. ನೂಲು ಕಿತ್ತು ಮಗ್ಗ ನಿಂತರೆ ಯಾರನ್ನು ಕರೆಯಬೇಕು, ಕರೆದರೆ ಅವನು ಮೊದಲು ಯಾರ ಮಗ್ಗಕ್ಕೆ ಹೋಗಬೇಕು ಎಂಬುದೇ ಗೊಂದಲ.

ಒಂದೊಂದು ಕಟ್ಟು ಮಗ್ಗಗಳಿಗೆ ಒಂದೊಂದು ತಂಡ ಇರಲಿ, ಆ ಮಗ್ಗಗಳ ಪೂರ್ತಿ ಹೊಣೆ ಆ ತಂಡದ್ದೇ ಆಗಲಿ ಎಂದು ರೈಸ್ ಸೂಚಿಸಿದರು. ಮುಂದಿನದನ್ನು ಅವರು ನಿರೀಕ್ಷಿಸಿರಲಿಲ್ಲ. ಮೇಲ್ವಿಚಾರಕರೂ ಕೆಲಸಗಾರರೂ ಆ ಯೋಚನೆಯನ್ನು ಕೈಗೆತ್ತಿಕೊಂಡು, ಯಾರ ತಂಡದಲ್ಲಿ ಯಾರಿರಬೇಕೆಂದು ತಾವೇ ಕೂತು ತೀರ್ಮಾನಿಸಿ, ಬೇಗನೆ ಕೆಲಸ ಆರಂಭಿಸಿಬಿಟ್ಟರು. ಮೊದಲ ಕೆಲವು ದಿನ ಏರುಪೇರಾಯಿತು, ನಂತರ ಹದಕ್ಕೆ ಬಂತು. ಮಗ್ಗಗಳ ದಕ್ಷತೆ ಶೇ. 80ರ ಸುಮಾರಿನಿಂದ 95ಕ್ಕೆ ಏರಿತು. ಹಾಳಾಗುವ ಬಟ್ಟೆಯ ಪ್ರಮಾಣ ಶೇ. 32ರಿಂದ 20ಕ್ಕೆ ಇಳಿಯಿತು. ಹೊಸ ಯಂತ್ರವಿಲ್ಲ, ಹೊಸ ಆಳಿಲ್ಲ. ಅದೇ ಜನ, ಅದೇ ಮಗ್ಗ.

1970ರಲ್ಲಿ ರೈಸ್ ಅವರ ಸಹೋದ್ಯೋಗಿ ಎರಿಕ್ ಮಿಲ್ಲರ್ ಮತ್ತೆ ಅಲ್ಲಿಗೆ ಹೋಗಿ ನೋಡಿದರು. ಒಂದು ಷೆಡ್ಡಿನಲ್ಲಿ ತಂಡದ ಪದ್ಧತಿ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಉಳಿದ ಕಡೆ ಹಳೆಯ ಚಾಳಿ ಮರಳಿತ್ತು. ಒಳ್ಳೆಯ ಪದ್ಧತಿಯನ್ನು ಒಮ್ಮೆ ತಂದರೆ ಸಾಲದು, ಅದನ್ನು ಕಾಯುವವರು ಬೇಕೆಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ದಾಖಲೆ ಸಿಗುವುದು ಕಷ್ಟ.

ಇದಕ್ಕೆ ಮೊದಲೇ, 1948ರಲ್ಲಿ, ಅಮೆರಿಕದ ಹಾರ್‌ವುಡ್ ಎಂಬ ಪೈಜಾಮ ಕಾರ್ಖಾನೆಯಲ್ಲಿ ಲೆಸ್ಟರ್ ಕಾಚ್ ಮತ್ತು ಜಾನ್ ಫ್ರೆಂಚ್ ಇಂಥದ್ದೇ ಫಲ ಕಂಡಿದ್ದರು. ಕೆಲಸದ ರೀತಿ ಬದಲಿಸುವಾಗ ಬರಿಯ ಆಜ್ಞೆ ಹೊರಡಿಸಿದ ತಂಡದಲ್ಲಿ ಮೊದಲ 40 ದಿನಗಳಲ್ಲಿ ಶೇ. 17 ಮಂದಿ ಕೆಲಸ ಬಿಟ್ಟರು. ಬದಲಾವಣೆಯ ಚರ್ಚೆಯಲ್ಲಿ ಎಲ್ಲರೂ ಕೂತ ತಂಡಗಳಲ್ಲಿ ಒಬ್ಬರೂ ಬಿಡಲಿಲ್ಲ.

ಪ್ರೇರಣೆಯ ಸಿದ್ಧಾಂತಗಳು

ಅಬ್ರಹಾಂ ಮಾಸ್ಲೋ ಅವರ ಅಗತ್ಯಗಳ ಶ್ರೇಣಿ (1943), ಫ್ರೆಡರಿಕ್ ಹರ್ಜ್‌ಬರ್ಗ್ ಅವರ ಎರಡು ಅಂಶಗಳ ಸಿದ್ಧಾಂತ (1959), ಡಗ್ಲಸ್ ಮೆಕ್‌ಗ್ರೆಗರ್ ಅವರ ‘ಎಕ್ಸ್’ ಮತ್ತು ‘ವೈ’ ಸಿದ್ಧಾಂತಗಳು (1960) ಬಿ.ಕಾಂ., ಎಂ.ಬಿ.ಎ. ವಿದ್ಯಾರ್ಥಿಗಳಿಗೆ ಬಾಯಿಪಾಠ. ಎಲ್ಲರೂ ಬರೆಯುವ ಮಾಸ್ಲೋ ಪಿರಮಿಡ್ಡನ್ನು ಮಾಸ್ಲೋ ಬರೆದಿರಲಿಲ್ಲ, ಅದು ನಂತರದವರ ಚಿತ್ರ. ಇವು ಯೋಚಿಸಲು ಸಹಾಯ ಮಾಡುತ್ತವೆ. ಒಂದು ನಿರ್ದಿಷ್ಟ ಕಚೇರಿಯಲ್ಲಿ ನಾಳೆ ಏನಾಗುತ್ತದೆಂದು ಹೇಳುವ ಶಕ್ತಿ ಇವಕ್ಕೆ ಕಡಿಮೆ. ಇವರಿಗಿಂತ ಮೊದಲೇ, 1920ರ ದಶಕದಲ್ಲಿ, ಚಿಂತಕಿ ಮೇರಿ ಪಾರ್ಕರ್ ಫಾಲೆಟ್ ಹೇಳಿದ ಮಾತು ಹೆಚ್ಚು ಬಾಳಿಕೆಯದು: ಇನ್ನೊಬ್ಬರ ಮೇಲೆ ಚಲಾಯಿಸುವ ಅಧಿಕಾರ ಬೇರೆ, ಇನ್ನೊಬ್ಬರ ಜೊತೆ ಸೇರಿ ಗಳಿಸುವ ಅಧಿಕಾರ ಬೇರೆ.

ದುಡಿಮೆ ಮತ್ತು ದೇಹ

ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನದಲ್ಲಿ ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಕಂಡದ್ದು ಎಲ್ಲರನ್ನೂ ಬೆಚ್ಚಿಸುವಂಥದ್ದು. ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಧಿಕಾರಿಗಳಿಗಿಂತ ಕೆಳದರ್ಜೆಯ ನೌಕರರಲ್ಲಿ ಮೂರು ಪಟ್ಟಿಗೂ ಹೆಚ್ಚಿತ್ತು. ಬೀಡಿ-ಸಿಗರೇಟು, ರಕ್ತದೊತ್ತಡ ಇವೆಲ್ಲ ಸೇರಿ ವಿವರಿಸಿದ್ದು ಅದರ ಒಂದು ಭಾಗವನ್ನು ಮಾತ್ರ. 1985ರಿಂದ ನಡೆದ ಎರಡನೆಯ ಅಧ್ಯಯನ, ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದ ಸ್ಥಿತಿಗೂ ಹೃದ್ರೋಗಕ್ಕೂ ನಂಟಿರುವುದನ್ನು ತೋರಿಸಿತು. ಮೇಲಿನವರಿಗೇ ಒತ್ತಡ ಹೆಚ್ಚು ಎಂಬ ನಂಬಿಕೆ ಇನ್ನೂ ನಮ್ಮ ಕಚೇರಿಗಳಲ್ಲಿ ಬಾಳುತ್ತಿರುವುದು ವಿಷಾದದ ಸಂಗತಿ.

ನಗುವುದೂ ಕೆಲಸದ ಭಾಗವಾದಾಗ ಏನಾಗುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ ಗಗನಸಖಿಯರ ಅಧ್ಯಯನದಿಂದ 1983ರಲ್ಲಿ ತೋರಿಸಿದರು. ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ಬೈಸಿಕೊಳ್ಳುತ್ತಲೇ ಮೆತ್ತಗೆ ಮಾತಾಡಿದವರಿಗೆ ಈ ಭಾವದುಡಿಮೆಯ ಭಾರ ಬಿಡಿಸಿ ಹೇಳಬೇಕಾಗಿಲ್ಲ. ಕೆಲಸದ ಒತ್ತಡದಿಂದ ಮನಸ್ಸು ಬರಿದಾಗುವ ‘ಬರ್ನ್‌ಔಟ್’ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗ ವರ್ಗೀಕರಣದಲ್ಲಿ ಉದ್ಯೋಗಸಂಬಂಧಿ ವಿದ್ಯಮಾನವೆಂದು ಸೇರಿಸಿತು, ರೋಗವೆಂದು ಕರೆಯಲಿಲ್ಲ.

ಮಾತಾಡುವ ಧೈರ್ಯ, ಕೇಳುವ ಕಿವಿ

ವರ್ತನೆಯ ಅರಿವು ಜೀವಗಳ ಪ್ರಶ್ನೆಯಾಗುವುದು ಕಾಕ್‌ಪಿಟ್‌ನಲ್ಲಿ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಎದುರಿನ ವಿಮಾನ ರನ್‌ವೇಯಿಂದ ಆಚೆ ಹೋಗಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಅನುಮಾನ ಎತ್ತಿದ್ದರು. ಹಿರಿಯ ಕ್ಯಾಪ್ಟನ್ ಅದನ್ನು ತಳ್ಳಿಹಾಕಿದ್ದರು. ಈ ಬಗೆಯ ಅಪಘಾತಗಳ ಬಳಿಕ, ಕಿರಿಯರು ಎಚ್ಚರಿಸುವುದನ್ನೂ ಹಿರಿಯರು ಕೇಳಿಸಿಕೊಳ್ಳುವುದನ್ನೂ ಕಲಿಸುವ ತರಬೇತಿಯನ್ನು 1979ರ ನಾಸಾ ಕಾರ್ಯಾಗಾರ ರೂಪಿಸಿತು. ಅದು ಜಗತ್ತಿನ ವಿಮಾನ ಸಂಸ್ಥೆಗಳಿಗೆಲ್ಲ ಹಬ್ಬಿತು.

ಹಬ್ಬಿದರೂ ಪೂರ್ತಿ ಬೇರೂರಿರಲಿಲ್ಲ ಎಂಬುದು ಮಂಗಳೂರಿನಲ್ಲಿ ಗೊತ್ತಾಯಿತು. 2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿತು. ವಿಮಾನದಲ್ಲಿದ್ದ 166 ಜನರಲ್ಲಿ 158 ಮಂದಿ ಸತ್ತು, 8 ಮಂದಿ ಉಳಿದರು. ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಮೊದಲ ಒಂದೂವರೆ ತಾಸಿಗೂ ಹೆಚ್ಚು ಹೊತ್ತು ಮಾತುಕತೆಯೇ ಇರಲಿಲ್ಲ, ಗೊರಕೆಯ ಸದ್ದಿತ್ತು. ಕ್ಯಾಪ್ಟನ್ ನಿದ್ದೆಯಿಂದ ಎದ್ದ ಮೇಲೆ ವಿಮಾನ ಇರಬೇಕಾದುದಕ್ಕಿಂತ ತೀರ ಎತ್ತರದಲ್ಲಿ ರನ್‌ವೇಯತ್ತ ಬಂತು. ಇಳಿಯಬೇಡಿ, ‘ಗೋ ಅರೌಂಡ್’ ಎಂದು ಸಹಪೈಲಟ್ ಮೂರು ಸಲ ಹೇಳಿದರು. ಕ್ಯಾಪ್ಟನ್ ಇಳಿಸುತ್ತಲೇ ಹೋದರು. ಇದನ್ನೇ ನೇರ ಕಾರಣವೆಂದು ತನಿಖಾ ನ್ಯಾಯಾಲಯ ದಾಖಲಿಸಿತು. ಸಹಪೈಲಟ್ ತಾವೇ ನಿಯಂತ್ರಣ ತೆಗೆದುಕೊಳ್ಳಲಿಲ್ಲವೇಕೆ ಎಂಬ ಪ್ರಶ್ನೆಗೂ ಅದು ಉತ್ತರ ಹುಡುಕಿತು: ಹಾಗೆ ಮಾಡುವ ಅಧಿಕಾರ ಅವರಿಗೆ ಯಾವಾಗ ಇದೆ ಎಂಬ ಬಗ್ಗೆ ಸೂಚನೆಗಳಲ್ಲಿಯೇ ಅಸ್ಪಷ್ಟತೆ ಇತ್ತು.

ಇಲ್ಲಿ ತಿಳಿಯಬೇಕಾದ್ದು ಬಹಳ. ಕಿರಿಯರು ಮೌನವಾಗಿರಲಿಲ್ಲ, ಮೂರು ಸಲ ಮಾತಾಡಿದ್ದರು. ಕಿರಿಯರಿಗೆ ಧೈರ್ಯ ಹೇಳುವ ತರಬೇತಿಯಿಂದ ಮಾತ್ರ ಆ ಜೀವಗಳು ಉಳಿಯುತ್ತಿರಲಿಲ್ಲ. ಎಚ್ಚರಿಕೆ ಬಂದ ಕ್ಷಣ ಹಿರಿಯರು ಕೈ ತಡೆಯುವ ಅಭ್ಯಾಸವೂ, ತಡೆಯದಿದ್ದರೆ ಕಿರಿಯರೇ ಕೈಹಾಕಬಹುದೆಂಬ ನಿಸ್ಸಂದೇಹ ನಿಯಮವೂ ಬೇಕಿತ್ತು. ಹಿರಿಯರಿಗೆ ಎದುರಾಡಬಾರದು ಎಂದು ಮಕ್ಕಳಿಗೆ ಕಲಿಸಿ ಬೆಳೆಸುವ ನಮ್ಮಂಥ ಸಮಾಜದಲ್ಲಿ ಇದು ಬರಿಯ ವಿಮಾನಯಾನದ ಪಾಠವಲ್ಲ. ಶಸ್ತ್ರಚಿಕಿತ್ಸಾ ಕೊಠಡಿ, ಬ್ಯಾಂಕು, ತಾಲ್ಲೂಕು ಕಚೇರಿ ಎಲ್ಲ ಕಡೆಗೂ ಸಲ್ಲುವ ಮಾತು.

ಆಸ್ಪತ್ರೆಯ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದ ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1996ರಲ್ಲಿ ವಿಚಿತ್ರವೊಂದನ್ನು ಕಂಡರು: ಒಳ್ಳೆಯ ತಂಡಗಳೇ ಔಷಧ ಕೊಡುವುದರಲ್ಲಿ ಹೆಚ್ಚು ತಪ್ಪು ಮಾಡಿದಂತೆ ಅಂಕಿಗಳು ಹೇಳಿದವು. ಆ ತಂಡಗಳು ತಪ್ಪು ಮಾಡುವುದರಲ್ಲಲ್ಲ, ಆದ ತಪ್ಪನ್ನು ಹೇಳಿಕೊಳ್ಳುವುದರಲ್ಲಿ ಮುಂದಿದ್ದವು ಎಂಬುದು ಆಮೇಲೆ ಹೊಳೆಯಿತು. ಹೇಳಿದರೆ ತಲೆ ಹೋಗುವುದಿಲ್ಲ ಎಂಬ ಈ ನೆಮ್ಮದಿಗೆ ಅವರು 1999ರ ಲೇಖನದಲ್ಲಿ ಮಾನಸಿಕ ಸುರಕ್ಷತೆ ಎಂಬ ಸಿದ್ಧಾಂತದ ರೂಪ ಕೊಟ್ಟರು.

ಭಾರತದಲ್ಲಿ

ಸ್ವತಂತ್ರ ಭಾರತದಲ್ಲಿ ಈ ಅಧ್ಯಯನದ ಮೊದಲ ಮನೆ 1947ರಲ್ಲಿ ಸ್ಥಾಪನೆಯಾದ ಅಹಮದಾಬಾದಿನ ಜವಳಿ ಸಂಶೋಧನಾ ಸಂಸ್ಥೆ ಅಟಿರಾ. ಅಲ್ಲಿ ಮನೋವಿಜ್ಞಾನ ವಿಭಾಗವನ್ನು ನಡೆಸಿದ ಕಮಲಾ ಚೌಧರಿ ಮುಂದೆ ಅಹಮದಾಬಾದಿನ ಐ.ಐ.ಎಂ. ಕಟ್ಟುವುದರಲ್ಲಿಯೂ ಮುಂದಾಳಾದರು. ಅಲ್ಲಿನ ಪ್ರಾಧ್ಯಾಪಕರಾದ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ 1970ರ ದಶಕದ ನಡುವೆ ಲಾರ್ಸನ್ ಅಂಡ್ ಟೂಬ್ರೋ ಕಂಪನಿಗೆ ರೂಪಿಸಿಕೊಟ್ಟ ಮಾನವ ಸಂಪನ್ಮೂಲ ಅಭಿವೃದ್ಧಿ ವ್ಯವಸ್ಥೆ ಉಳಿದವರಿಗೆ ಮೇಲ್ಪಂಕ್ತಿಯಾಯಿತು. ಕಾನೂನು ಕೂಡ ತನ್ನ ರೀತಿಯಲ್ಲಿ ಕಿವಿಗೊಟ್ಟಿತು. 1947ರ ಕೈಗಾರಿಕಾ ವಿವಾದ ಕಾಯ್ದೆ ನೂರು ಮತ್ತು ಹೆಚ್ಚು ಕೆಲಸಗಾರರಿರುವ ಕಡೆ ಎರಡೂ ಕಡೆಯವರು ಕೂರುವ ಕಾರ್ಯಸಮಿತಿಗೆ ಅವಕಾಶ ಮಾಡಿತು. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನ ಆಧಾರದ ಮೇಲೆ ಬಂದ 2013ರ ಕಾಯ್ದೆ, ಲೈಂಗಿಕ ಕಿರುಕುಳದ ದೂರು ಕೇಳಲು ಹತ್ತು ಮತ್ತು ಹೆಚ್ಚು ನೌಕರರಿರುವ ಎಲ್ಲ ಕಡೆ ಆಂತರಿಕ ಸಮಿತಿಯನ್ನು ಕಡ್ಡಾಯ ಮಾಡಿತು. ಸಮಿತಿಯ ಹೆಸರುಗಳು ನೋಟಿಸ್ ಬೋರ್ಡಿನಲ್ಲಿ ಇದ್ದರಷ್ಟೇ ಸಾಲದು. ಹೆಣ್ಣುಮಗಳೊಬ್ಬಳು ಅಲ್ಲಿಗೆ ಹೋಗಿ ಬಂದ ಮೇಲೆ ಅವಳ ಕೆಲಸ ಉಳಿಯುತ್ತದೆಯೇ ಎಂಬುದೇ ಅದರ ಪರೀಕ್ಷೆ.

ಬೆಂಗಳೂರಿನ ಗಾರ್ಮೆಂಟ್ಸ್

ಇತ್ತೀಚಿನ ವರ್ಷಗಳ ಅತ್ಯಂತ ಎಚ್ಚರದ ಅಧ್ಯಯನಗಳಲ್ಲಿ ಕೆಲವು ನಡೆದದ್ದು ಬೆಂಗಳೂರು ಸುತ್ತಲಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ. ಸಾಲು ಹೊಲಿಗೆ ಯಂತ್ರಗಳ ಮುಂದೆ ಕೂತು, ಒಬ್ಬಳು ಕಾಲರ್, ಇನ್ನೊಬ್ಬಳು ತೋಳು ಹೊಲಿದು ಮುಂದಕ್ಕೆ ಸಾಗಿಸುವ ಈ ‘ಲೈನ್’ಗಳಲ್ಲಿ ದುಡಿಯುವವರು ಬಹುಪಾಲು ಹೆಂಗಸರು. ಗಂಟೆಗಿಷ್ಟು ಎಂಬ ‘ಟಾರ್ಗೆಟ್’ ತಪ್ಪಿದರೆ ಸೂಪರ್‌ವೈಸರ್ ಬೈಗುಳ ತಪ್ಪಿದ್ದಲ್ಲ. ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನಿಶಾದಮ್ ಇಲ್ಲಿ ಕಂಡದ್ದು ಹೀಗಿದೆ. ಹಳೆಯ ದೀಪಗಳ ಜಾಗದಲ್ಲಿ ಎಲ್‌ಇಡಿ ಹಾಕಿದಾಗ ಕರೆಂಟ್ ಉಳಿಯುವುದರ ಜೊತೆಗೆ ಒಳಗಿನ ಶಾಖವೂ ತಗ್ಗಿ, ಬಿಸಿಲಿನ ದಿನಗಳಲ್ಲಿ ಕೆಲಸ ಹೆಚ್ಚು ಸಾಗಿತು. ನಿಧಾನವಾಯಿತೆಂದು ಬೈಸಿಕೊಂಡ ಕೈಗಳಿಗೆ ಅಡ್ಡಿಯಾಗಿದ್ದು ಸೆಕೆ! ವರ್ತನೆಯ ಕಾರಣ ಮನಸ್ಸಿನಲ್ಲೇ ಇರಬೇಕೆಂದಿಲ್ಲ, ದೀಪದಲ್ಲೂ ಇರಬಹುದು.

ಇನ್ನೊಂದು ಅಧ್ಯಯನದಲ್ಲಿ, ನಿರೀಕ್ಷಿಸಿದಷ್ಟು ಕೂಲಿ ಏರದೆ ನಿರಾಶರಾಗಿದ್ದ ಕೆಲಸಗಾರರಿಗೆ, ಹೆಸರು ಹೊರಬೀಳದಂತೆ, ಕೆಲಸದ ಬಗ್ಗೆ, ಕೂಲಿಯ ಬಗ್ಗೆ, ಮೇಲ್ವಿಚಾರಕರ ಬಗ್ಗೆ ಅನಿಸಿದ್ದನ್ನು ತಿಳಿಸುವ ಅವಕಾಶ ಕೊಡಲಾಯಿತು. ಅಷ್ಟರಿಂದಲೇ ಕೆಲಸ ಬಿಡುವವರ ಪ್ರಮಾಣ ಸುಮಾರು ಶೇ. 20ರಷ್ಟು ಇಳಿಯಿತು. ಮೂರನೆಯದು ಸಂವಹನ, ಸಮಯಪಾಲನೆ, ಸಮಸ್ಯೆ ಬಿಡಿಸುವುದು ಮುಂತಾದವನ್ನು ಹೆಣ್ಣುಮಕ್ಕಳಿಗೆ ಕಲಿಸಿದ ತರಬೇತಿಯ ಅಧ್ಯಯನ. ಕಲಿತವರ ಉತ್ಪಾದಕತೆ ಗಮನಾರ್ಹವಾಗಿ ಏರಿತು, ಕಂಪನಿಗೆ ಹಾಕಿದ ಹಣ ಹಲವು ಪಟ್ಟಾಗಿ ಮರಳಿತು. ಕೂಲಿ ಮಾತ್ರ ಶೇ. ಒಂದರಷ್ಟೂ ಏರಲಿಲ್ಲ. ಟೇಲರ್ ಕಾಲದ ಲೆಕ್ಕ ನೂರು ವರ್ಷದ ನಂತರವೂ ಸರಿಹೋಗಿಲ್ಲ. ಮನುಷ್ಯರನ್ನು ಅರಿತು ಪಡೆದ ಲಾಭದಲ್ಲಿ ಆ ಮನುಷ್ಯರಿಗೆ ಪಾಲಿಲ್ಲದಿದ್ದರೆ ಆ ಅರಿವು ಅನ್ಯಾಯದ್ದೇ.

ಕೇಳುವ ದಾರಿಗಳು ಮುಚ್ಚಿದಾಗ ಏನಾಗುತ್ತದೆ ಎಂಬುದನ್ನೂ ಇದೇ ಕೆಲಸಗಾರರು ತೋರಿಸಿದರು. ಪಿ.ಎಫ್. ಖಾತೆಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಆದೇಶದ ವಿರುದ್ಧ 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಹೊಸೂರು ರಸ್ತೆಯಲ್ಲಿ, ನಗರದ ಇತರ ಕೈಗಾರಿಕಾ ಪ್ರದೇಶಗಳಲ್ಲಿ ಬೀದಿಗಿಳಿದರು. ಅವರ ಪಾಲಿಗೆ ಪಿ.ಎಫ್. ಎಂದರೆ ಮಗಳ ಮದುವೆ, ಕೈಸಾಲ, ಆಸ್ಪತ್ರೆಯ ಖರ್ಚು. ಆದೇಶ ಹೊರಡಿಸಿದವರಿಗೆ ಈ ಸಾದಾ ಸಂಗತಿ ಹೊಳೆದಿರಲಿಲ್ಲ. ಏಪ್ರಿಲ್ 19ರಂದೇ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು.

ಈಗಿನ ಸ್ಥಿತಿ

ಕೆಲಸವನ್ನು ಅಳೆಯುವ ಹೊಣೆ ಈಗ ಮೇಲ್ವಿಚಾರಕನ ಕೈಯಿಂದ ಸಾಫ್ಟ್‌ವೇರ್‌ಗೆ ದಾಟುತ್ತಿದೆ. ಊಟ ತಲುಪಿಸುವ ಹುಡುಗನಿಗೆ ಆರ್ಡರ್ ಕೊಡುವುದು, ಅವನ ರೇಟಿಂಗ್ ಇಳಿಸುವುದು, ಅವನ ಐ.ಡಿ. ಬ್ಲಾಕ್ ಮಾಡುವುದು ಎಲ್ಲ ಆ್ಯಪ್ ಒಳಗೇ ನಡೆಯುತ್ತದೆ. ಮಳೆಯಿತ್ತು, ಲಿಫ್ಟ್ ಕೆಟ್ಟಿತ್ತು, ಹೋಟೆಲಿನಲ್ಲೇ ತಡವಾಯಿತು ಎಂದು ಹೇಳಿಕೊಳ್ಳಲು ಎದುರಿಗೆ ಮನುಷ್ಯರಿಲ್ಲ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಈ ಕೊರತೆಯನ್ನು ತುಂಬಲು ಹೊರಟಿದೆ. ಕೆಲಸದ ಮೇಲೆ ಪರಿಣಾಮ ಬೀರುವ ಸ್ವಯಂಚಾಲಿತ ವ್ಯವಸ್ಥೆಗಳ ಮಾಹಿತಿಯನ್ನು ಕಂಪನಿ ಕಾರ್ಮಿಕರಿಗೆ ತಿಳಿಸಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣವನ್ನು ಬರೆದುಕೊಟ್ಟು 14 ದಿನಗಳ ಮುಂಚಿತ ನೋಟಿಸ್ ನೀಡಬೇಕು.